ಪೆನ್ನು ನಿಂತ ಸದ್ದು

"ಅಕ್ಕಾರ, ನೀವು ಛಲೋ ಓದ್ತೀರಿ. ಆದ್ರ ಅದರಾಗ ನೀವೇ ಜಾಸ್ತಿ ಕೇಳಸ್ತೀರಿ, ಪಾಠ ಕಮ್ಮಿ ಕೇಳಸ್ತದ."

2014ರ ಒಂದು ಭಾನುವಾರ ಸಂಜೆ ಫೋನಿನಲ್ಲಿ ಹೀಗೆ ಹೇಳಿದ ಹುಡುಗ ಆಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದ. ಗದಗಿನ ಕಡೆಯವನು, ಹುಟ್ಟಿನಿಂದಲೇ ಕಣ್ಣು ಕಾಣದವನು. ಅವನ ಇತಿಹಾಸದ ಪಠ್ಯಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ನಾನು ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಇಳಿಬಿಟ್ಟು, ಫ್ಯಾನು ಆರಿಸಿ, ಅಡುಗೆಮನೆಯ ಕುಕ್ಕರು ಮೂರು ಸಲ ಕೂಗಿ ಮುಗಿಯುವವರೆಗೆ ಕಾದು, ಮೂರು ರಾತ್ರಿ ಕೂತು ಓದಿ, ಧ್ವನಿಮುದ್ರಿಸಿ ಕಳುಹಿಸಿದ್ದೆ. ಹೊಗಳಿಕೆ ಬರುತ್ತದೆಂದುಕೊಂಡೇ ಫೋನು ಎತ್ತಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವನ ಮಾತಿಗೆ "ಹೌದಾ, ಸರಿಪಡಿಸ್ತೀನಿ" ಎಂದು ನಕ್ಕು ಫೋನು ಇಟ್ಟೆನಾದರೂ ಆ ರಾತ್ರಿ ಊಟ ಸೇರಲಿಲ್ಲ.

ನನ್ನ ಧ್ವನಿ ನನ್ನ ಮಟ್ಟಿಗೆ ಮನೆತನದ ಆಸ್ತಿಯಂತಿತ್ತು. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ತಾತ ಶ್ರಾವಣದ ಸಂಜೆಗಳಲ್ಲಿ ರಾಮಮಂದಿರದ ಜಗುಲಿಯ ಮೇಲೆ ಕೂತು ಕುಮಾರವ್ಯಾಸನ ಭಾರತವನ್ನು ವಾಚಿಸುತ್ತಿದ್ದರು. ಗಮಕದಲ್ಲಿ ಪದ್ಯವನ್ನು ರಾಗವಾಗಿ ಓದುವವರು ಒಬ್ಬರು, ಅರ್ಥ ಬಿಡಿಸಿ ಹೇಳುವವರು ಮತ್ತೊಬ್ಬರು. ಮೂರು ನಾಲ್ಕು ಮಾತ್ರೆಗಳ ಗಣಗಳಲ್ಲಿ ತೂಗಾಡುತ್ತ ಸಾಗುವ ಭಾಮಿನಿ ಷಟ್ಪದಿ ತಾತನ ಗಂಟಲಲ್ಲಿ ಕರ್ಣನಿಗೆ ಒಂದು ಬಗೆಯಾಗಿ, ಉತ್ತರಕುಮಾರನಿಗೆ ಇನ್ನೊಂದು ಬಗೆಯಾಗಿ ಹೊರಳುತ್ತಿದ್ದುದನ್ನು ಅವರ ಪಕ್ಕದಲ್ಲಿ ಕೂತು ಕೇಳಿ ಬೆಳೆದವಳು ನಾನು. ಶಾಲೆ ಕಾಲೇಜುಗಳ ಭಾಷಣ ಸ್ಪರ್ಧೆಗಳಲ್ಲಿ ಗೆದ್ದು ತಂದ ಸ್ಟೀಲು ತಟ್ಟೆ ಲೋಟಗಳು ಅಮ್ಮನ ಅಡುಗೆಮನೆಯಲ್ಲಿ ಇಂದಿಗೂ ಬಳಕೆಯಲ್ಲಿವೆ. ಆಮೇಲೆ ಬಿ.ಕಾಂ., ಮದುವೆ, ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ವಿಭಾಗ. ಆ ಧ್ವನಿಗೆ ಅಲ್ಲಿ ಕೆಲಸವಿರಲಿಲ್ಲ. ಅಂಧ ವಿದ್ಯಾರ್ಥಿಗಳಿಗೆ ಪುಸ್ತಕ ಓದಿಕೊಡುವವರು ಬೇಕಾಗಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ, ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಡಲು ಒಂದು ಸಮಾರಂಭ ಸಿಕ್ಕಿತು ಎನ್ನುವಂತೆ ನಾನು ಹೊರಟಿದ್ದೆ.

ನಮ್ಮಲ್ಲಿ ಪ್ರತಿಭೆ ಎಂಬ ಪದಕ್ಕೆ ವೇದಿಕೆಯ ನಂಟು ಬಹಳ ಗಟ್ಟಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಮಕ್ಕಳಿಗೆ ಪ್ರತಿಭಾ ಕಾರಂಜಿ, ಅಂಕ ತೆಗೆದವರಿಗೆ ಪ್ರತಿಭಾ ಪುರಸ್ಕಾರ. ಹಾಡಬೇಕು, ಕುಣಿಯಬೇಕು, ತೊಂಬತ್ತಕ್ಕೆ ಮೇಲೆ ಬರಬೇಕು, ಎದುರಿಗೆ ಚಪ್ಪಾಳೆ ತಟ್ಟುವವರು ಇರಬೇಕು. ಹಳೆಯ ಕಾವ್ಯಮೀಮಾಂಸಕರು ಪ್ರತಿಭೆಯ ಜೊತೆಗೆ ವ್ಯುತ್ಪತ್ತಿಯನ್ನೂ, ಎಂದರೆ ಓದಿನಿಂದ ಬಂದ ತಿಳಿವನ್ನೂ, ಅಭ್ಯಾಸವನ್ನೂ ಸೇರಿಸಿಯೇ ಮಾತನಾಡುತ್ತಿದ್ದರು. ನಾವು ಉಳಿದೆರಡನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಎತ್ತಿಕೊಂಡು, ಅದು ಹುಟ್ಟಿನೊಂದಿಗೆ ಬರಬೇಕಾದದ್ದು, ಬಂದವರು ಪುಣ್ಯವಂತರು ಎಂದು ತೀರ್ಮಾನಿಸಿಕೊಂಡಿದ್ದೇವೆ. ನಾನೂ ಹಾಗೆಯೇ ನಂಬಿದ್ದೆ. ನನ್ನಲ್ಲಿರುವುದನ್ನು ಕೊಟ್ಟರೆ ಸಾಕು, ಅದು ಬೇಕೇ, ಯಾವ ಅಳತೆಯಲ್ಲಿ ಬೇಕು ಎಂದು ಪಡೆಯುವವನನ್ನು ಕೇಳಬೇಕೆಂಬುದು ಹೊಳೆದಿರಲಿಲ್ಲ.

ಮುಂದಿನ ಶನಿವಾರ ಅವನ ಹಾಸ್ಟೆಲಿಗೆ ಹೋದೆ. ಮಂಚದ ಮೇಲೆ ಕಾಲು ಮಡಚಿ ಕೂತು, ಕಿವಿಗೆ ಇಯರ್‌ಫೋನು ಸಿಕ್ಕಿಸಿ, ನನ್ನದೇ ಧ್ವನಿಯನ್ನು ಕೇಳುತ್ತಿದ್ದ. ಒಂದು ಬದಿಯನ್ನು ತೆಗೆದು ನನಗೆ ಕೊಟ್ಟ. ಎರಡರಷ್ಟು ವೇಗದಲ್ಲಿ ಓಡುತ್ತಿದ್ದ ಆ ಧ್ವನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಐದು ಪತ್ರಿಕೆಗಳಿಗೆ ಓದಬೇಕಾದವನು ಗಂಟೆಗಟ್ಟಲೆ ಕೇಳುತ್ತ ಕೂರುವುದು ಸಾಧ್ಯವಿಲ್ಲ. ಅವನೂ ಅವನ ಗೆಳೆಯರೂ ಪಾಠಗಳನ್ನು ಒಂದೂವರೆ, ಎರಡು ಪಟ್ಟು ವೇಗದಲ್ಲೇ ಕೇಳುತ್ತಾರೆ. ಆ ವೇಗದಲ್ಲಿ ನನ್ನ ಏರಿಳಿತಗಳು ನಗೆಪಾಟಲಾಗುತ್ತಿದ್ದವು. ರಕ್ಕಸತಂಗಡಿಯ ಕದನದ ವಿವರ ಬಂದಲ್ಲಿ ನಾನು ಧ್ವನಿ ತಗ್ಗಿಸಿ, ಒಂದು ನಿಟ್ಟುಸಿರಿನ ನಂತರ ಮುಂದುವರಿದಿದ್ದೆ. ಆ ತಗ್ಗಿಸಿದ ಭಾಗ ಅವನಿಗೆ ಕೇಳಿಸಿಯೇ ಇರಲಿಲ್ಲ. ಅಷ್ಟರಲ್ಲಿ ವಾಲ್ಯೂಮು ಹೆಚ್ಚಿಸಿಕೊಂಡಿದ್ದವನ ಕಿವಿಗೆ ಮುಂದಿನ ವಾಕ್ಯ ಬಡಿದಿತ್ತು.

ಅಂದು ಅವನು ಹೇಳಿದ್ದನ್ನೆಲ್ಲ ನಾನು ಕಚೇರಿಯ ಡೈರಿಯ ಹಿಂಬದಿಯಲ್ಲಿ ಬರೆದುಕೊಂಡೆ. ಪ್ರತಿ ಪುಟದ ಆರಂಭದಲ್ಲಿ ಪುಟಸಂಖ್ಯೆ ಹೇಳಬೇಕು, ಏಕೆಂದರೆ ತರಗತಿಯಲ್ಲಿ ಮೇಷ್ಟರು ಎಂಬತ್ತೆರಡನೇ ಪುಟ ತೆಗೆಯಿರಿ ಎಂದಾಗ ಅವನೂ ತೆಗೆಯಬೇಕು. ಇಸವಿಯನ್ನು ಒಮ್ಮೆ ಪೂರ್ತಿಯಾಗಿ, ಒಮ್ಮೆ ಅಂಕಿ ಅಂಕಿಯಾಗಿ ಹೇಳಬೇಕು. "ಚಿತ್ರ ನೋಡಿ" ಎಂದಿರುವಲ್ಲಿ ನಾನು ಚಿತ್ರವನ್ನು ಹಾರಿಸಿಬಿಟ್ಟಿದ್ದೆ. ಅದರಲ್ಲಿ ಏನಿದೆ ಎಂದು ಹೇಳಬೇಕು. ಎಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಉಚ್ಚಾರಣೆಯ ಮಾತು. ಅವನು ಸ್ಲೇಟು ಮತ್ತು ಸ್ಟೈಲಸ್ ಹಿಡಿದು, ದಪ್ಪ ಹಾಳೆಯ ಮೇಲೆ ಬಲದಿಂದ ಎಡಕ್ಕೆ ಚುಕ್ಕೆ ಒತ್ತುತ್ತ ಬ್ರೈಲಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಬ್ರೈಲಿನಲ್ಲಿ ದಕಾರಕ್ಕೆ ಬೇರೆ, ಧಕಾರಕ್ಕೆ ಬೇರೆ ಚುಕ್ಕೆಗಳು. ನಾನು 'ಧನ' ಎನ್ನಬೇಕಾದಲ್ಲಿ 'ದನ' ಎಂದಿದ್ದರೆ ಅವನ ಹಾಳೆಯಲ್ಲಿ ದನವೇ ನಿಲ್ಲುತ್ತದೆ. ಕಣ್ಣಿದ್ದವರು ಹಾಳೆಯ ಮೇಲೆ ನೋಡಿ ನೋಡಿ ಕಾಗುಣಿತವನ್ನು ಕಲಿಯುತ್ತಾರೆ, ಅವನು ಆ ಪುಸ್ತಕದಲ್ಲಿ ಹೊಸದಾಗಿ ಕಾಣುವ ಪದಗಳ ಕಾಗುಣಿತವನ್ನು ನನ್ನ ಬಾಯಿಂದಲೇ ಕಲಿಯಬೇಕಿತ್ತು. ಭಾಷಣದಲ್ಲಿ ಬಹುಮಾನ ಗೆದ್ದವಳ ಮಹಾಪ್ರಾಣಗಳು ಅರ್ಧಕ್ಕರ್ಧ ಸಡಿಲವಾಗಿದ್ದವೆಂಬುದು ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ತಾತ ಇದ್ದಿದ್ದರೆ ಹಿಡಿಯುತ್ತಿದ್ದರೇನೋ.

ಹಾಗಾಗಿ ನಲವತ್ತರ ವಯಸ್ಸಿನಲ್ಲಿ ಓದುವುದನ್ನು ಮೊದಲಿನಿಂದ ಕಲಿತೆ. ಪುಟವನ್ನು ಮೊದಲು ಮೌನವಾಗಿ ಓದಿ, ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಮಹಾಪ್ರಾಣಗಳಿಗೆ ಕೆಳಗೊಂದು ಚುಕ್ಕೆ ಇಟ್ಟು, ಆಮೇಲೆ ಮೈಕಿನ ಮುಂದೆ ಕೂರುವುದು. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿಟ್ಟರೆ ಪಕಾರ ಫಕಾರಗಳ ಗಾಳಿ ಬಡಿಯುವುದಿಲ್ಲ ಎಂಬಂಥ ಸಣ್ಣ ಸಂಗತಿಗಳು ಒಂದೊಂದಾಗಿ ತಿಳಿದವು. ಕಠಿಣವಾದದ್ದು ಮಾತ್ರ ಧ್ವನಿಯನ್ನು ಚಪ್ಪಟೆ ಮಾಡುವುದು. ನೀರಸವಾಗಿ ಓದುವುದು ಬೇರೆ, ಸಮನಾಗಿ ಓದುವುದು ಬೇರೆ. ಸಮನಾಗಿ ಓದುವಾಗ ವಾಕ್ಯದ ಅರ್ಥ ಎಲ್ಲಿ ಮಡಚಿಕೊಳ್ಳುತ್ತದೆಯೋ ಅಲ್ಲಿ ಧ್ವನಿಯೂ ಅಷ್ಟೇ ಮಡಚಿಕೊಳ್ಳಬೇಕು, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಾಗಬಾರದು. ಅದು ಕೈಗೆ ಹತ್ತಲು ನನಗೆ ಎಂಟು ತಿಂಗಳು ಹಿಡಿಯಿತು. ಈ ನಡುವೆ ಸಂಬಂಧಿಕರೊಬ್ಬರು, ಪುಸ್ತಕವನ್ನು ಹೀಗೆ ಓದಿ ಹಂಚುವುದು ಕಳ್ಳತನವಲ್ಲವೇ ಎಂದು ಕೇಳಿದ್ದರು. ಅಲ್ಲ. 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾನೂನು ಅಂಗವಿಕಲರಿಗೆ ಓದಲು ಅನುಕೂಲವಾಗುವ ಪ್ರತಿಗಳನ್ನು ಲಾಭದ ಉದ್ದೇಶವಿಲ್ಲದೆ ಮಾಡಿಕೊಡಲು ಅವಕಾಶ ಕೊಟ್ಟಿದೆ. ಇದೇ ಆಶಯದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಹಾಸ್ಟೆಲಿಗೆ ಹೋಗಿಬರುವ ರೂಢಿಯಾದ ಮೇಲೆ ಅವನೂ ಮನಸ್ಸು ಬಿಚ್ಚಿ ಮಾತನಾಡತೊಡಗಿದ. ಒಮ್ಮೆ ನಾನು, ಎಲ್ಲರೂ ಕೇಳುವಂತೆ, "ನಿನಗೆ ಹಾಡೋಕೆ ಬರುತ್ತೇನಪ್ಪಾ?" ಎಂದು ಕೇಳಿಬಿಟ್ಟೆ. ಅವನು ಜೋರಾಗಿ ನಕ್ಕ. "ಕಣ್ಣ ಕಾಣೂದಿಲ್ಲ ಅಂದ್ರ ಸಾಕು, ಹಾಡ್ತಿಯೇನು ಅಂತಾರ. ಗದಗಿನಾಂವ ಅಂದ್ರ ಮುಗದೇಹೋತು, ಯಾವ ರಾಗ ಬರ್ತದ ಅಂತ ಕೇಳ್ತಾರ. ನಂಗ ರಾಗಾನೂ ಬರೂದಿಲ್ಲ, ತಾಳಾನೂ ಬರೂದಿಲ್ಲ ಅಕ್ಕಾರ. ನಂಗ ಇತಿಹಾಸ ಸೇರ್ತದ."

ಗದಗು ಎಂದೊಡನೆ ಜನರಿಗೆ ಸಂಗೀತ ನೆನಪಾಗುವುದಕ್ಕೆ ಕಾರಣ ಇಲ್ಲದಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳ ಕಂಠವನ್ನು ಗುರುತಿಸಿ, ಅವರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದವರು ಹಾನಗಲ್ಲಿನ ಕುಮಾರಸ್ವಾಮಿಗಳು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತವರು ಅವರ ಶಿಷ್ಯ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ಅದೇ ವರ್ಷ ಅವರಿಗೆ ಪದ್ಮಭೂಷಣ ಬಂತು. ನಾವು ಇದನ್ನೆಲ್ಲ ದೇವರ ವರ, ಪವಾಡ ಎಂದು ಹೇಳಿ ಕೈಮುಗಿಯುತ್ತೇವೆ. ನನಗೆ ಹೆಚ್ಚು ಆಶ್ಚರ್ಯವಾಗುವುದು ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದ ಆ ಗುರುಶಿಷ್ಯರ ನಿತ್ಯದ ದುಡಿಮೆಯ ಬಗ್ಗೆ. ಕಂಠ ಇದ್ದವರು ಬಹಳ ಮಂದಿ. ಆ ಕಂಠವನ್ನು ಒಲೆಯ ಮೇಲಿನ ಪಾತ್ರೆಗೆ ಜೋಡಿಸಿದವರು ಕಡಿಮೆ. ಆದರೆ ಅವರ ಹೆಸರು ಹೇಳಿ ಕಣ್ಣು ಕಾಣದ ಪ್ರತಿ ಹುಡುಗನ ಕೈಗೂ ಹಾರ್ಮೋನಿಯಂ ಕೊಡಲು ಹೊರಡುವುದು ಬೇರೆಯೇ ಒಂದು ಬಗೆಯ ಕುರುಡು. ಅಂದು ನಾನು ಮಾಡಿದ್ದೂ ಅದನ್ನೇ.

2015ರ ಬೇಸಿಗೆಯಲ್ಲಿ ಅವನ ಪರೀಕ್ಷೆಗೆ ಬರೆಯಬೇಕಾಗಿದ್ದ ವಿದ್ಯಾರ್ಥಿನಿ ಹಿಂದಿನ ದಿನ ಜ್ವರದಿಂದ ಮಲಗಿದಳು. ಅವನು ಹೇಳುವುದನ್ನು ಕೇಳಿ ಉತ್ತರಪತ್ರಿಕೆಯಲ್ಲಿ ಬರೆಯುವ ಲಿಪಿಕಾರರ ಕೆಲಸ ನನಗೆ ಬಂತು. ಆಗ ಜಾರಿಯಲ್ಲಿದ್ದ 2013ರ ಕೇಂದ್ರ ಮಾರ್ಗಸೂಚಿಯಲ್ಲಿ ಲಿಪಿಕಾರರ ವಿದ್ಯಾರ್ಹತೆಗೆ ಕಟ್ಟುಪಾಡು ಹಾಕಬಾರದೆಂದಿತ್ತು. ಮೂರು ಗಂಟೆಯ ಪರೀಕ್ಷೆಗೆ, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ, ಒಂದು ಗಂಟೆ ಹೆಚ್ಚುವರಿ. ಅಂಗಳದ ಕೊನೆಯ ಒಂದು ಸಣ್ಣ ಕೋಣೆಯಲ್ಲಿ ಅವನು, ನಾನು, ಮತ್ತು ಬಾಗಿಲ ಬಳಿ ಪೇಪರು ಓದುತ್ತ ಕೂತ ಮೇಲ್ವಿಚಾರಕರು.

ನನ್ನ ಅಕ್ಷರ ದುಂಡಗಿದೆ, ವೇಗವೂ ಇದೆ, ಇಷ್ಟು ಸಾಕೆಂದುಕೊಂಡಿದ್ದೆ. ಮೊದಲ ಎರಡು ಪ್ರಶ್ನೆ ಸಲೀಸಾಗಿ ಸಾಗಿದವು. ಮೂರನೆಯದು ವಿಜಯನಗರದ ಪತನ. ಅವನು ಕಣ್ಣು ಮುಚ್ಚಿ, ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ, "1556ರಲ್ಲಿ ನಡೆದ ಈ ಯುದ್ಧದಲ್ಲಿ" ಎಂದ. ಆ ಅಧ್ಯಾಯವನ್ನು ಓದಿ ಧ್ವನಿಮುದ್ರಿಸಿದವಳೇ ನಾನು. ಆ ಇಸವಿಯನ್ನು ಒಮ್ಮೆ ಪೂರ್ತಿಯಾಗಿ, ಒಮ್ಮೆ ಅಂಕಿ ಅಂಕಿಯಾಗಿ ಹೇಳಿದವಳೂ ನಾನೇ. 1565. ಎರಡನೇ ಪಾಣಿಪತ್ ಕದನದ ಇಸವಿಯನ್ನು ಇಲ್ಲಿಗೆ ಎಳೆದು ತಂದಿದ್ದ. ನಾನು ಬಾಯಿ ಬಿಡಲಿಲ್ಲ. ಆದರೆ ಮೊದಲ ಎರಡು ಅಂಕಿ ಬರೆದ ಪೆನ್ನು ಒಂದು ಗಳಿಗೆ ನಿಂತಿತು.

ಅವನು ತಲೆಯೆತ್ತಿದ. "ಯಾಕ್ರಿ ನಿಂತಿರಿ?"

"ಏನಿಲ್ಲ, ಹೇಳು."

ಅವನ ಬೆರಳೂ ನಿಂತಿತು. ಅರ್ಧ ನಿಮಿಷ ಸುಮ್ಮನಿದ್ದು, "1565 ಅಂತ ಬರೀರಿ" ಎಂದ. ಬರೆದೆ. ಮೇಲ್ವಿಚಾರಕರು ಪೇಪರಿನ ಪುಟ ತಿರುವಿದರು.

ಹೊರಗೆ ಬಂದ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಆ ಅಂಕ ಅವನದೇ, ನನ್ನದೇ ಎಂಬ ಪ್ರಶ್ನೆ ಮಾತ್ರ ಬಸ್ಸಿನಲ್ಲಿ ನನ್ನ ಜೊತೆಗೆ ಬಂತು. ತಾನಾಗಿಯೇ ನೆನಪಾಗಿ ತಿದ್ದಿಕೊಂಡನೇನೋ, ಪರೀಕ್ಷೆಯಲ್ಲಿ ಎಲ್ಲರೂ ಹಾಗೆ ತಿದ್ದಿಕೊಳ್ಳುತ್ತಾರೆ. ಆದರೆ ಕಣ್ಣಿದ್ದವರು ಮುಖವನ್ನು ಓದುವಂತೆ ಅವನು ಪೆನ್ನಿನ ಸದ್ದನ್ನು ಓದುತ್ತಾನೆ, ಸದ್ದು ನಿಂತದ್ದನ್ನೂ ಓದುತ್ತಾನೆ ಎಂಬುದು ನನಗೆ ಅಂದೇ ತಿಳಿದದ್ದು. ಸಹಾಯ ಮಾಡಬೇಕೆಂಬ ಆಸೆ ಬಾಯಿಯ ಬಾಗಿಲು ಹಾಕಿದರೂ ಕೈಯಿಂದ ಸೋರುತ್ತದೆ.

ಅದಾದ ಮೇಲೆ ಪ್ರತಿದಿನ ಸಂಜೆ ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕಿಕೊಂಡು, ಕೇಳಿದ್ದನ್ನು ಕೇಳಿದಂತೆ ಬರೆಯುವ ಅಭ್ಯಾಸ ಶುರುಮಾಡಿದೆ. ಆಮೇಲೆ ಮಗಳಿಗೆ ತಪ್ಪುಗಳನ್ನು ಬೆರೆಸಿ ಹೇಳಲು ಹೇಳಿದೆ. "ಭಾರತಕ್ಕೆ 1974ರಲ್ಲಿ ಸ್ವಾತಂತ್ರ್ಯ ಬಂತು" ಎಂದು ಅವಳು ಗಂಭೀರವಾಗಿ ಹೇಳಿದರೆ, ನಗದೆ, ನಿಲ್ಲದೆ, ಅದೇ ಓಟದಲ್ಲಿ 1974 ಎಂದೇ ಬರೆಯಬೇಕು. ಕಾಗುಣಿತವನ್ನು ತಿದ್ದಬಹುದು, ಸಂಗತಿಯನ್ನು ತಿದ್ದಬಾರದು. ಅರ್ಥವಾಗದಿದ್ದರೆ ಮತ್ತೆ ಹೇಳಿ ಎನ್ನಬಹುದು, ಆದರೆ ಸರಿಯಾದ ವಾಕ್ಯಕ್ಕೂ ತಪ್ಪು ವಾಕ್ಯಕ್ಕೂ ಒಂದೇ ದನಿಯಲ್ಲಿ ಹೇಳಬೇಕು. ತಾತನಿಂದ ಬಂದದ್ದೇನೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಬಂದದ್ದು ಹದಿನೈದು ವರ್ಷ ಲೆಕ್ಕ ಬರೆದ ಅಭ್ಯಾಸ: ವೋಚರಿನಲ್ಲಿ ಏನಿದೆಯೋ ಅದನ್ನೇ ಪುಸ್ತಕಕ್ಕೆ ಏರಿಸುವುದು, ನನಗೆ ಅನ್ನಿಸಿದ್ದನ್ನಲ್ಲ. ನಾನು ಬೇಸರವೆಂದುಕೊಂಡಿದ್ದ ನೌಕರಿಯೇ ಆ ಕೋಣೆಯಲ್ಲಿ ನನ್ನ ಕೈ ಹಿಡಿಯಿತು.

2018ರ ಆಗಸ್ಟಿನಲ್ಲಿ ನಿಯಮ ಬದಲಾಯಿತು. ಅಭ್ಯರ್ಥಿ ತಾನೇ ಲಿಪಿಕಾರರನ್ನು ಕರೆತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು ಹೊಸ ಮಾರ್ಗಸೂಚಿ ಹೇಳಿತು. ಅಷ್ಟರಲ್ಲಿ ಅವನು ಎಂ.ಎ. ಎರಡನೇ ವರ್ಷಕ್ಕೆ ಬಂದಿದ್ದ, ನನ್ನ ಹಳೆಯ ಬಿ.ಕಾಂ. ಸರಿಯಾಗಿ ಒಂದು ಮೆಟ್ಟಿಲು ಕೆಳಗೆ ಕೂತಿತು. ಮುಂದೆ ಓದಬೇಕಿತ್ತು ಎಂಬ ನನ್ನ ಬಹುದಿನದ ಕೊರಗು ಅಂದು ತುಸು ಹಗುರವಾಯಿತು. ನಿಯಮದ ಉದ್ದೇಶ ನನಗೆ ಅರ್ಥವಾಗುತ್ತದೆ. ನಿಂತ ಪೆನ್ನಿನ ಕಥೆ ಗೊತ್ತಿದ್ದವಳು ಅದನ್ನು ವಿರೋಧಿಸುವುದು ಹೇಗೆ? ಆದರೆ ಪದವಿ ವಿದ್ಯಾರ್ಥಿಗಳು ಅದೇ ಪರೀಕ್ಷೆಯ ದಿನಗಳಲ್ಲಿ ಪಿಯುಸಿ ಮಕ್ಕಳನ್ನು ಹುಡುಕಿಕೊಂಡು ಅಲೆಯುವುದನ್ನೂ ಕಂಡಿದ್ದೇನೆ.

ಧ್ವನಿಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅದಕ್ಕೆ ಇನ್ನೊಂದು ಪೆಟ್ಟು ಬಾಕಿಯಿತ್ತು. ಎಂ.ಎ.ಗೆ ಬಂದ ಮೇಲೆ ಅವನು ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಬಳಸತೊಡಗಿದ. ಪರದೆಯ ಮೇಲಿನ ಕನ್ನಡವನ್ನು ಅದು ಇಸ್ಪೀಕ್ ಎಂಬ ಯಂತ್ರಧ್ವನಿಯಲ್ಲಿ ಓದಿ ಹೇಳುತ್ತದೆ. ತಗಡಿನ ಡಬ್ಬದೊಳಗಿಂದ ಯಾರೋ ಮಾತನಾಡಿದಂತಿರುವ ಧ್ವನಿ ಅದು. ನಿನಗೆ ಇದು ಹೇಗೆ ಸೇರುತ್ತದೆ ಎಂದು ಕೇಳಿದೆ. "ಅದು ತಾನು ಕೇಳಸೂದಿಲ್ಲ ಅಕ್ಕಾರ, ಪಾಠ ಅಷ್ಟ ಕೇಳಸ್ತದ" ಎಂದ. ಎಂಟು ತಿಂಗಳು ಕಷ್ಟಪಟ್ಟು ನಾನು ಮುಟ್ಟಿದ್ದ ಜಾಗದಲ್ಲಿ ಆ ಡಬ್ಬ ಹುಟ್ಟಿನಿಂದಲೇ ಕೂತಿತ್ತು.

ಯಂತ್ರ ಓದಬೇಕಾದರೆ ಅದಕ್ಕೆ ಓದಲು ಬರುವ ಕನ್ನಡ ಬೇಕು. ಅವನಿಗೆ ಸಿಗುತ್ತಿದ್ದ ಕಡತಗಳಲ್ಲಿ ಹೆಚ್ಚಿನವು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿದ್ದವು. ಆ ಶೈಲಿಯಲ್ಲಿ 'ಕನ್ನಡ' ಎಂದು ನಮ್ಮ ಕಣ್ಣಿಗೆ ಕಾಣುವ ಪದ ಕಂಪ್ಯೂಟರಿನ ಪಾಲಿಗೆ ಇಂಗ್ಲಿಷಿನ ಪಿ, ಕ್ಯೂ, ನಡುವೆ ಒಂದು ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟಿರುವ ಒಂದಷ್ಟು ಯುರೋಪಿನ ಅಕ್ಷರಗಳು, ಅಷ್ಟೇ. ಕನ್ನಡದ ವೇಷ ನಮ್ಮ ಕಣ್ಣಿಗೆ ಮಾತ್ರ. ಓದುವ ತಂತ್ರಾಂಶ ವೇಷವನ್ನು ನೋಡುವುದಿಲ್ಲ, ಒಳಗಿರುವುದನ್ನು ಒದರುತ್ತದೆ. ಅವನು ಒಂದು ಪುಟ ಕೇಳಿಸಿದಾಗ ಹುಚ್ಚು ಹಿಡಿದ ತಂತಿಯಂತ್ರದಂತೆ ಕೇಳಿಸಿತು. ಇವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರಗಳು ಕಳಚಿಕೊಳ್ಳುತ್ತವೆ, ಅಂಕಿಗಳು ಏನೇನೋ ಆಗುತ್ತವೆ. ಯಾರಾದರೂ ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಬೇಕು.

ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಸಿಕ್ಕವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರು. ಇಪ್ಪತ್ತು ವರ್ಷದಲ್ಲಿ ಒಂದು ಬೀಳ್ಕೊಡುಗೆಯಲ್ಲೂ ಎರಡು ಮಾತು ಆಡದವರು, ಪಿಕ್ನಿಕ್ಕಿನಲ್ಲಿ ಅಂತ್ಯಾಕ್ಷರಿ ಶುರುವಾದರೆ ಎದ್ದು ಹೋಗುವವರು. ನಮ್ಮ ವರದಿಗಳಲ್ಲಿ ಎಲ್ಲೋ ಒಂದು ಅಲ್ಪವಿರಾಮ ಜಾರಿದ್ದನ್ನು ಪತ್ತೆಹಚ್ಚಿ ಎಲ್ಲರ ಜೀವ ತಿನ್ನುತ್ತಾರೆಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಪರದೆಯನ್ನು ಹಿಂದಿನಿಂದ ಇಣುಕಿ, "ಮೇಡಂ, ನಾಲ್ಕನೇ ಸಾಲಲ್ಲಿ ಧರ್ಮದ ಅರ್ಕಾವೊತ್ತು ಎಗರಿಹೋಗಿದೆ" ಎಂದರು. ಏಕೆ, ಏನು ಎಂದು ವಿವರಿಸಿದೆ. "ಮನೆಗೆ ಕಳಿಸಿ, ನೋಡೋಣ" ಎಂದರು. ಮುನ್ನೂರು ಪುಟದ ಪುಸ್ತಕ ಇಪ್ಪತ್ತೆರಡು ದಿನಕ್ಕೆ ವಾಪಸು ಬಂತು. ಹುಡುಗ ಅದನ್ನು ಪೂರ್ತಿ ಕೇಳಿ ಮೂರೇ ತಪ್ಪು ಹೇಳಿದ, ಅದರಲ್ಲಿ ಒಂದು ಮೂಲ ಪುಸ್ತಕದ್ದೇ. ಅವರು ನಿವೃತ್ತರಾಗಿ ಈಗ ಕೆಲವು ವರ್ಷವಾಗಿದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಎರಡು ಗಂಟೆ ಕೂರುತ್ತಾರಂತೆ. ಅವರಿಗೆ ಯಾರೂ ಪ್ರತಿಭಾವಂತರೆಂದು ಇದುವರೆಗೆ ಶಾಲು ಹೊದಿಸಿಲ್ಲ. ಹೊದಿಸಲು ಹೋದರೆ ಎದ್ದು ಹೋಗುತ್ತಾರೆಂಬುದೂ ನಿಜ.

ನನ್ನ ಪಾಲಿಗೆ ಈಗ ಉಳಿದಿರುವುದು ಯಂತ್ರಕ್ಕೆ ಆಗದ ಭಾಗ: ಚಿತ್ರಗಳು, ನಕ್ಷೆಗಳು, ರೇಖಾಚಿತ್ರಗಳು. ಅವನ್ನು ಮಾತಿನಲ್ಲಿ ಬರೆದು ಕಡತದೊಳಗೆ ಸೇರಿಸಬೇಕು. ಆ ಹುಡುಗ ಓದು ಮುಗಿಸಿ ಕೆಲಸಕ್ಕೆ ಸೇರಿ ತನ್ನ ದಾರಿ ಹಿಡಿದಿದ್ದಾನೆ, ಈಗ ಕಡತ ಕೇಳುವವರು ಬೇರೆ ಮಕ್ಕಳು. ಈ ವಾರ ಕೈಯಲ್ಲಿರುವುದು ಅರ್ಥಶಾಸ್ತ್ರ. ಬೇಡಿಕೆಯ ರೇಖೆ. ನಾನು ಬರೆದ ವಿವರಣೆ ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ ಕಂಡುಕೊಂಡಿದ್ದೇನೆ: ಚಿತ್ರ ತೋರಿಸದೆ, ಬರೆದದ್ದನ್ನು ಮಾತ್ರ ಓದಿ, ಮಗಳ ಕೈಯಿಂದ ಹಾಳೆಯ ಮೇಲೆ ಬಿಡಿಸುವುದು.

"ಬೆಲೆ ಹೆಚ್ಚಿದಂತೆ ಬೇಡಿಕೆ ಇಳಿಯುತ್ತದೆ, ರೇಖೆ ಕೆಳಮುಖವಾಗಿದೆ" ಎಂದು ಮೊದಲ ಸಲ ಓದಿದೆ. ಅವಳು ಗೋಡೆಗೆ ಹೊಡೆದ ಮೊಳೆಯಿಂದ ದಾರ ಬಿಟ್ಟಂತೆ ನೆಟ್ಟಗೆ ಕೆಳಕ್ಕೆ ಗೆರೆ ಎಳೆದಳು. ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ ಎಂದು ಸೇರಿಸಿ ಮತ್ತೆ ಓದಿದೆ. ಈ ಬಾರಿ ಗೆರೆ ಬಲದಿಂದ ಎಡಕ್ಕೆ ಇಳಿಯಿತು. ಓರೆಯಾಗಿ ಬಲಕ್ಕೆ ಇಳಿಯುತ್ತದೆ ಎಂದು ತಿದ್ದಿ ಮೂರನೆಯ ಸಲ ಓದಿದೆ. ಅವಳು ಪೆನ್ಸಿಲನ್ನು ಹಾಳೆಯ ಮೇಲೆ ಅಲ್ಲಿ ಇಲ್ಲಿ ಆಡಿಸಿ, ಎಲ್ಲೂ ಊರದೆ, ನನ್ನ ಕಡೆ ನೋಡಿದಳು.

"ಅಮ್ಮಾ, ಎಲ್ಲಿಂದ ಶುರು ಮಾಡ್ಲಿ ಅಂತಾನೇ ಹೇಳಿಲ್ವಲ್ಲ ನೀನು."